ಅಪ್‌ಲೋಡ್ ಮಿತಿ 2 ಎಂಬಿ: ಒಂದೇ ಫೋನಿನ ಒಂದು ಚಿತ್ರ ಸೇರುತ್ತದೆ, ಇನ್ನೊಂದು ತಿರಸ್ಕೃತವಾಗುತ್ತದೆ, ಏಕೆ?

ಪರ್ಣಿಕಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಿಡಮರಗಳನ್ನು ಗುರುತಿಸಲು ನೆರವಾಗುವ ಒಂದು ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಸದಸ್ಯರು ತಾವು ಕಂಡ ಗಿಡದ ಎಲೆ, ಹೂವು, ಕಾಯಿಗಳ ಚಿತ್ರಗಳನ್ನು ಒಂದು ಫಾರ್ಮ್ ಮೂಲಕ ಸೇರಿಸುತ್ತಾರೆ. ಬಲ್ಲವರು ಆ ಚಿತ್ರಗಳನ್ನು ಹಿಗ್ಗಿಸಿ ನೋಡಿ, ಎಲೆಯ ಅಂಚು ಮತ್ತು ನರಗಳ ವಿನ್ಯಾಸವನ್ನು ಗಮನಿಸಿ ಹೆಸರು ಸೂಚಿಸುತ್ತಾರೆ. ತಾಣವು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಒಂದು ಚಿತ್ರಕ್ಕೆ 2 ಎಂಬಿ ಮಿತಿ ಇದೆ. ಈ ಮಿತಿಯನ್ನು ಯಾರೂ ಯೋಚಿಸಿ ಇಟ್ಟಂತಿಲ್ಲ. ಮೊದಲಿನಿಂದ ಇದ್ದದ್ದು ಹಾಗೆಯೇ ಉಳಿದುಕೊಂಡು ಬಂದಿದೆ.

ಸದಸ್ಯರಿಂದ ಬರುವ ದೂರುಗಳಲ್ಲಿ ಕೆಲವು ನನಗೆ ಅರ್ಥವಾಗುತ್ತಿಲ್ಲ. ಒಬ್ಬರು ಒಂದೇ ಫೋನಿನಿಂದ, ಒಂದೇ ಅಳತೆಯಲ್ಲಿ, ಅಂದರೆ 4032×3024 ಪಿಕ್ಸೆಲ್‌ಗಳಲ್ಲಿ, ಎರಡು ಚಿತ್ರ ತೆಗೆದಿದ್ದರು. ಆಕಾಶದ ಹಿನ್ನೆಲೆಯಲ್ಲಿ ಒಂಟಿ ಹೂವಿರುವ ಚಿತ್ರ 1.6 ಎಂಬಿ ಇದ್ದು ಸಲೀಸಾಗಿ ಸೇರಿತು. ಜರೀಗಿಡಗಳ ಪೊದೆಯ ಚಿತ್ರ 6 ಎಂಬಿ ಇದ್ದು ತಿರಸ್ಕೃತವಾಯಿತು. ಇನ್ನೊಬ್ಬರು ಗುಣಮಟ್ಟ ಉಳಿಯಲಿ ಎಂದು 3 ಎಂಬಿಯ ಜೆಪೆಗ್ ಚಿತ್ರವನ್ನು ಪಿಎನ್‌ಜಿಗೆ ಪರಿವರ್ತಿಸಿದರು. ಅದು 18 ಎಂಬಿ ಆಯಿತು. ಮತ್ತೊಬ್ಬರು ಚಿತ್ರದ ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಅಂಕಿ) ಅನ್ನು 300ರಿಂದ 72ಕ್ಕೆ ಇಳಿಸಿದರೂ ಫೈಲಿನ ಗಾತ್ರ ಸ್ವಲ್ಪವೂ ಕಡಿಮೆಯಾಗಲಿಲ್ಲ ಎಂದು ಬರೆದಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ಸಂಗತಿಯೆಂದರೆ, ಐದಾರು ಚಿತ್ರಗಳನ್ನು ಒಟ್ಟಿಗೆ ಸೇರಿಸಿದಾಗ ಕೆಲವೊಮ್ಮೆ ಯಾವ ದೋಷಸಂದೇಶವೂ ಬಾರದೆ ಫಾರ್ಮ್ ಪೂರ್ತಿ ಖಾಲಿಯಾಗಿ ಮರಳುತ್ತದೆ. ಸದಸ್ಯರು ಕುಳಿತು ಬರೆದ ವಿವರಣೆಯೂ ಅದರೊಂದಿಗೆ ಹೋಗಿಬಿಡುತ್ತದೆ.

ಮಿತಿಯನ್ನು 20 ಎಂಬಿಗೆ ಏರಿಸಿದರೆ ಇವೆಲ್ಲ ಬಗೆಹರಿಯುತ್ತವೆಯೇ, ಅಥವಾ ಒಂದೇ ಫಾರ್ಮ್ಯಾಟ್ ಮಾತ್ರ ಸ್ವೀಕರಿಸುತ್ತೇವೆ ಎಂಬ ನಿಯಮ ಮಾಡುವುದು ಸರಿಯೇ? ಗಾತ್ರ ಇಳಿಸುವ ಸಂಕುಚನದಿಂದ (ಕಂಪ್ರೆಶನ್) ಎಲೆಯ ಮೇಲಿನ ಸಣ್ಣ ರೋಮಗಳು ಅಳಿಸಿಹೋದರೆ ನಮ್ಮ ತಾಣದ ಉದ್ದೇಶವೇ ಕೆಡುತ್ತದೆ. ಬಲ್ಲವರು ದಯವಿಟ್ಟು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.

ಬಿಂಬಗ್ರಾಹಿ

ಪರ್ಣಿಕಾ ಅವರೇ, ನಿಮ್ಮ ಮೊದಲ ಮೂರು ಸಮಸ್ಯೆಗಳ ಬೇರು ಒಂದೇ. ಚಿತ್ರದ ಅಳತೆ ಪಿಕ್ಸೆಲ್‌ಗಳಲ್ಲಿರುತ್ತದೆ, ಅಪ್‌ಲೋಡ್ ಮಿತಿ ಬೈಟ್‌ಗಳಲ್ಲಿರುತ್ತದೆ. ಒಂದು ಪಿಕ್ಸೆಲ್‌ಗೆ ಎಷ್ಟು ಬೈಟ್ ಖರ್ಚಾಗುತ್ತದೆ ಎಂಬುದು ಫಾರ್ಮ್ಯಾಟ್ ಯಾವುದು ಎಂಬುದನ್ನೂ ಚಿತ್ರದೊಳಗೆ ಏನಿದೆ ಎಂಬುದನ್ನೂ ಅವಲಂಬಿಸಿದೆ.

4032×3024 ಎಂದರೆ ಸುಮಾರು 1 ಕೋಟಿ 22 ಲಕ್ಷ ಪಿಕ್ಸೆಲ್‌ಗಳು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ ಒಂದು ಬೈಟ್‌ನಂತೆ, ಯಾವ ಸಂಕುಚನವೂ ಇಲ್ಲದೆ ಬರೆದಿಟ್ಟರೆ ಅದು 36 ಎಂಬಿಯನ್ನು ಮೀರುತ್ತದೆ. ಆದ್ದರಿಂದ ತಿರಸ್ಕೃತವಾದ ಜರೀಗಿಡದ ಚಿತ್ರವೂ ಆರನೆಯ ಒಂದು ಪಾಲಿಗೆ ಇಳಿದು ಬಂದದ್ದೇ ಆಗಿದೆ. ಹೂವಿನ ಚಿತ್ರ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಇಳಿದಿದೆ. ಎರಡನ್ನೂ ಅದೇ ಫೋನು ಅದೇ ಜೆಪೆಗ್ ವಿಧಾನದಿಂದ ಇಳಿಸಿರುವಾಗ ಈ ಅಂತರ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಜೆಪೆಗ್‌ನ ಒಳಗೆ ಸ್ವಲ್ಪ ಇಣುಕಿ ನೋಡಬೇಕು.

1992ರಲ್ಲಿ ಮಾನಕವಾದ ಜೆಪೆಗ್ ಸಾಮಾನ್ಯವಾಗಿ ಚಿತ್ರವನ್ನು ಮೊದಲು ಬೆಳಕಿನ ಪ್ರಮಾಣ ಮತ್ತು ಬಣ್ಣ ಎಂದು ಬೇರ್ಪಡಿಸುತ್ತದೆ. ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ನಮ್ಮ ಕಣ್ಣು ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲವಾದ್ದರಿಂದ, ಬಣ್ಣದ ಮಾಹಿತಿಯನ್ನು ಬಹಳಷ್ಟು ವೇಳೆ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಇಷ್ಟರಿಂದಲೇ ದತ್ತಾಂಶ ಅರ್ಧಕ್ಕೆ ಇಳಿಯುತ್ತದೆ. ಬಳಿಕ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕವನ್ನೂ ನಿಧಾನವಾಗಿ ಬದಲಾಗುವ ಅಲೆಗಳಿಂದ ಹಿಡಿದು ಥಟ್ಟನೆ ಬದಲಾಗುವ ಅಲೆಗಳವರೆಗಿನ 64 ಸಂಖ್ಯೆಗಳಾಗಿ ಬರೆಯಲಾಗುತ್ತದೆ. ಆ ಸಂಖ್ಯೆಗಳಲ್ಲಿ ಪ್ರತಿಯೊಂದನ್ನೂ ಒಂದು ಕೋಷ್ಟಕದಲ್ಲಿರುವ ಭಾಜಕದಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. ವಿವರಗಳು ಮರಳಿ ಬಾರದಂತೆ ಕಳೆದುಹೋಗುವ ಮುಖ್ಯ ಹಂತ ಇದೇ.

ಆಕಾಶದ ಒಂದು ಚೌಕದಲ್ಲಿ ನೀಲಿಯೊಂದು ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ. ಭಾಗಾಕಾರ ಮುಗಿದಾಗ 64ರಲ್ಲಿ ಒಂದೆರಡು ಸಂಖ್ಯೆಗಳು ಉಳಿದು ಮಿಕ್ಕವೆಲ್ಲ ಸೊನ್ನೆಯಾಗುತ್ತವೆ. ಸಾಲುಸಾಲು ಸೊನ್ನೆಗಳನ್ನು ದಾಖಲಿಸಲು ಕೆಲವೇ ಬಿಟ್‌ಗಳು ಸಾಕು. ಜರೀಗಿಡದ ಚೌಕದಲ್ಲಿಯಾದರೆ ಅಷ್ಟು ಪುಟ್ಟ ಜಾಗದಲ್ಲೇ ಎರಡು ಮೂರು ಕಿರುಎಲೆಗಳ ಅಂಚು, ಅವುಗಳ ನೆರಳು, ಹಿಂದಿನ ಮಣ್ಣು ಎಲ್ಲವೂ ಇರುತ್ತವೆ. ಹತ್ತಾರು ಸಂಖ್ಯೆಗಳು ಸೊನ್ನೆಯಾಗದೆ ನಿಲ್ಲುತ್ತವೆ. ಚಿತ್ರದ ತುಂಬ ಇಂಥ ಲಕ್ಷಗಟ್ಟಲೆ ಚೌಕಗಳಿರುವಾಗ ಫೈಲು ಉಬ್ಬುವುದು ಅನಿವಾರ್ಯ. ನಿಮ್ಮ ತಾಣದ ಮಟ್ಟಿಗೆ ಇದು ಗಂಭೀರವಾದ ವಿಷಯವೆಂದು ನನಗನಿಸುತ್ತದೆ, ಏಕೆಂದರೆ ನಿಮಗೆ ಹೆಚ್ಚು ಬೇಕಾದ, ವಿವರ ತುಂಬಿದ ಚಿತ್ರಗಳನ್ನೇ ಈಗಿನ ಮಿತಿ ಮೊದಲು ಹೊರಗಿಡುತ್ತಿದೆ.

ತಂತ್ರಾಂಶಗಳಲ್ಲಿ ಕಾಣುವ ಗುಣಮಟ್ಟದ ಅಂಕಿಯು ಆ ಭಾಜಕಗಳನ್ನು ದೊಡ್ಡದು ಅಥವಾ ಚಿಕ್ಕದು ಮಾಡುವ ಸಾಧನ. ಆ ಅಂಕಿಯನ್ನು ಮಾನಕ ನಿಗದಿಪಡಿಸಿಲ್ಲ. ಆದ್ದರಿಂದ ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮವಾಗಿರಬೇಕಿಲ್ಲ, ಮತ್ತು ಅದು ಶೇಕಡಾವಾರು ಪ್ರಮಾಣವಂತೂ ಖಂಡಿತ ಅಲ್ಲ. ಜೆಪೆಗ್ ಬರೆಯಲು ವ್ಯಾಪಕ ಬಳಕೆಯಲ್ಲಿರುವ ಲಿಬ್‌ಜೆಪೆಗ್ ಎಂಬ ತಂತ್ರಾಂಶದಲ್ಲಿ 100 ಎಂದರೆ ಎಲ್ಲ ಭಾಜಕಗಳೂ 1 ಆಗುತ್ತವೆ ಎಂದಷ್ಟೇ ಅರ್ಥ. ಪೂರ್ಣಾಂಕಕ್ಕೆ ತರುವ ಕೆಲಸ ಆಗಲೂ ನಡೆಯುವುದರಿಂದ ಅದೂ ನಷ್ಟರಹಿತವಲ್ಲ. 90ರಿಂದ 100ಕ್ಕೆ ಏರಿಸಿದಾಗ ಗಾತ್ರ ವಿಪರೀತ ಏರುತ್ತದೆ, ಕಣ್ಣಿಗೆ ಸಿಗುವ ಲಾಭ ಮಾತ್ರ ಅತ್ಯಲ್ಪ.

ಪಿಎನ್‌ಜಿಯ ದಾರಿಯೇ ಬೇರೆ. 1996ರಲ್ಲಿ ಬಂದ ಈ ಫಾರ್ಮ್ಯಾಟ್ ಏನನ್ನೂ ಕಳೆಯುವುದಿಲ್ಲ. ಎಡಗಡೆಯ ಮತ್ತು ಮೇಲಿನ ಪಿಕ್ಸೆಲ್‌ಗಳನ್ನು ನೋಡಿ ಮುಂದಿನದು ಹೀಗಿರಬಹುದೆಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದು, ಅದನ್ನು ಜಿಪ್ ಫೈಲುಗಳಲ್ಲಿ ಬಳಸುವ ಡಿಫ್ಲೇಟ್ ವಿಧಾನದಿಂದಲೇ ಒತ್ತುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ನಿಖರವಾಗಿ ಒಂದೇ ಆಗಿರುವುದರಿಂದ ವ್ಯತ್ಯಾಸ ಸೊನ್ನೆಯಾಗಿ ಫೈಲು ಬಹಳ ಚಿಕ್ಕದಾಗುತ್ತದೆ. ಕ್ಯಾಮೆರಾದ ಚಿತ್ರದಲ್ಲಿ ಬರಿಯ ಗೋಡೆಯೂ ಸಂವೇದಕದ ಗದ್ದಲದಿಂದಾಗಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ತುಸು ಬದಲಾಗುತ್ತಲೇ ಇರುತ್ತದೆ, ಪಿಎನ್‌ಜಿ ಆ ಗದ್ದಲವನ್ನೂ ಅಚ್ಚುಕಟ್ಟಾಗಿ ಕಾಪಾಡುತ್ತದೆ. ನಿಮ್ಮ ಸದಸ್ಯರ 3 ಎಂಬಿ 18 ಎಂಬಿಯಾದದ್ದು ಹೀಗೆ. ಜೆಪೆಗ್ ಆಗಲೇ ಕಳೆದುಹಾಕಿದ ವಿವರವನ್ನು ಪಿಎನ್‌ಜಿ ಮರಳಿ ತರಲಾರದು. ಜೆಪೆಗ್ ಬಿಟ್ಟುಹೋದ ಕಲೆಗಳನ್ನೂ ಅದು ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ.

ಡಿಪಿಐ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಕಾಗದದ ಮೇಲೆ ಎಷ್ಟು ದೊಡ್ಡದಾಗಿ ಮುದ್ರಿಸಬೇಕೆಂದು ತಿಳಿಸುವ ಸೂಚನೆ. ಫೈಲಿನ ಆರಂಭದಲ್ಲಿ ಒಂದೆರಡು ಸಂಖ್ಯೆಗಳ ರೂಪದಲ್ಲಿ ಕೂತಿರುತ್ತದೆ. 300 ಇದ್ದಲ್ಲಿ 72 ಎಂದು ಬರೆದರೆ ಪಿಕ್ಸೆಲ್‌ಗಳೆಲ್ಲ ಇದ್ದಲ್ಲೇ ಇರುತ್ತವೆ. ಗಾತ್ರ ಇಳಿಯಬೇಕಾದರೆ ಪಿಕ್ಸೆಲ್‌ಗಳ ಸಂಖ್ಯೆ ಇಳಿಯಬೇಕು, ಇಲ್ಲವೇ ಸಂಕುಚನ ಹೆಚ್ಚಬೇಕು.

ಜಾಲರಕ್ಷಕ

ಬಿಂಬಗ್ರಾಹಿಯವರ ವಿವರಣೆಗೆ ಸರ್ವರ್ ಕಡೆಯ ಮಾತುಗಳನ್ನು ಸೇರಿಸುತ್ತೇನೆ. ಖಾಲಿಯಾಗಿ ಮರಳುವ ಫಾರ್ಮ್‌ನಿಂದಲೇ ಆರಂಭಿಸೋಣ, ಏಕೆಂದರೆ ಸದಸ್ಯರ ಬರಹ ಕಳೆದುಹೋಗುವುದು ಚಿತ್ರ ತಿರಸ್ಕೃತವಾಗುವುದಕ್ಕಿಂತ ದೊಡ್ಡ ನಷ್ಟ.

ಅಪ್‌ಲೋಡ್ ಮಿತಿ ಎಂಬುದು ಒಂದೇ ಕಡೆ ಇರುವುದಿಲ್ಲ. ಪಿಎಚ್‌ಪಿಯಲ್ಲಿ ಒಂದು ಫೈಲಿಗೆ ಇರುವ ಮಿತಿ ಬೇರೆ, ಇಡೀ ಫಾರ್ಮ್‌ಗೆ ಇರುವ ಮಿತಿ ಬೇರೆ. ಬದಲಾಯಿಸದಿದ್ದರೆ ಮೊದಲನೆಯದು 2 ಎಂಬಿ, ಎರಡನೆಯದು 8 ಎಂಬಿ. ನಿಮ್ಮ 2 ಎಂಬಿ ಎಲ್ಲಿಂದ ಬಂತು ಎಂಬುದು ಇದರಿಂದ ತಿಳಿಯುತ್ತದೆ. ಒಂದೇ ಚಿತ್ರ ತನ್ನ ಮಿತಿ ಮೀರಿದರೆ ಪಿಎಚ್‌ಪಿ ಆ ಫೈಲಿಗೆ ಸ್ಪಷ್ಟವಾದ ದೋಷಸಂಖ್ಯೆ ಕೊಡುತ್ತದೆ, ಉಳಿದ ಮಾಹಿತಿ ಕ್ಷೇಮವಾಗಿರುತ್ತದೆ. ಆದರೆ ತಲಾ 1.8 ಎಂಬಿಯ ಐದು ಚಿತ್ರಗಳು ಒಟ್ಟಿಗೆ ಬಂದರೆ ಪ್ರತಿಯೊಂದೂ ಮಿತಿಯೊಳಗೇ ಇದ್ದರೂ ಒಟ್ಟು 9 ಎಂಬಿಯಾಗಿ ಫಾರ್ಮ್‌ನ ಮಿತಿ ಮೀರುತ್ತದೆ; ಆಗ ಪಿಎಚ್‌ಪಿ ಬರಹವನ್ನೂ ಫೈಲುಗಳನ್ನೂ ಸೇರಿಸಿ ಎಲ್ಲವನ್ನೂ ಖಾಲಿ ಮಾಡಿ ನಿಮ್ಮ ಪ್ರೋಗ್ರಾಂಗೆ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಅದನ್ನು ಹೊಸ ಖಾಲಿ ಫಾರ್ಮ್ ಎಂದೇ ಭಾವಿಸುತ್ತದೆ. ಬಂದ ವಿನಂತಿಯ ಉದ್ದ ಎಷ್ಟಿತ್ತು ಎಂಬುದನ್ನು ಮೊದಲು ಪರಿಶೀಲಿಸಿ, ಉದ್ದವಿದ್ದೂ ಒಳಗೆ ಏನೂ ಇಲ್ಲದಿದ್ದರೆ ಮಿತಿ ಮೀರಿದೆ ಎಂದು ತಿಳಿಸುವುದು ಕನಿಷ್ಠ ಪರಿಹಾರ. ಚಿತ್ರಗಳನ್ನು ಒಂದೊಂದಾಗಿ ಪ್ರತ್ಯೇಕವಾಗಿ ಕಳುಹಿಸಿ, ಬರಹವನ್ನು ಬೇರೆಯಾಗಿ ಉಳಿಸುವುದು ಸರಿಯಾದ ಪರಿಹಾರ.

ಪಿಎಚ್‌ಪಿಯ ಮುಂದೆ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ ಅದರದ್ದೇ ಒಂದು ಮಿತಿಯಿದೆ, ಬದಲಾಯಿಸದಿದ್ದರೆ ಅದು 1 ಎಂಬಿ ಮಾತ್ರ. ಮೀರಿದರೆ 413 ಎಂಬ ದೋಷಪುಟ ಬರುತ್ತದೆ, ವಿನಂತಿ ಪಿಎಚ್‌ಪಿಯ ತನಕ ತಲುಪುವುದೇ ಇಲ್ಲ. ಆದ್ದರಿಂದ ಒಂದು ಕಡೆ 20 ಎಂಬಿ ಎಂದು ಬರೆದರೆ ಪ್ರಯೋಜನವಿಲ್ಲ, ದಾರಿಯಲ್ಲಿರುವ ಎಲ್ಲ ಮಿತಿಗಳೂ ಹೊಂದಿಕೆಯಾಗಬೇಕು. ಇನ್ನೊಂದು ಸಣ್ಣ ತೊಡಕು: ಪಿಎಚ್‌ಪಿ 2 ಎಂಬಿ ಎಂದರೆ 20,97,152 ಬೈಟ್ ಎಂದು ಲೆಕ್ಕ ಹಾಕುತ್ತದೆ, ಬ್ರೌಸರ್‌ನಲ್ಲಿ ಓಡುವ ನಿಮ್ಮ ಪರಿಶೀಲನೆಯಲ್ಲಿ ಯಾರಾದರೂ 20 ಲಕ್ಷ ಎಂದು ಬರೆದಿದ್ದರೆ, ವಿಂಡೋಸ್ 1.95 ಎಂಬಿ ಎಂದು ತೋರಿಸುವ ಫೈಲು ಮಿತಿ ಮೀರಿದೆ ಎನಿಸಿಕೊಳ್ಳುತ್ತದೆ. ಚಿತ್ರವನ್ನು, ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64 ಪಠ್ಯವಾಗಿ ಕಳುಹಿಸುವ ಪದ್ಧತಿಯಿದ್ದರೆ ಗಾತ್ರ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, 1.6 ಎಂಬಿಯ ಚಿತ್ರವೂ ಆಗ 2 ಎಂಬಿ ದಾಟುತ್ತದೆ.

ಮಿತಿಯನ್ನು 20 ಎಂಬಿಗೆ ಏರಿಸುವ ಬಗ್ಗೆ ನನಗೆ ಆಕ್ಷೇಪವಿಲ್ಲ, ಆದರೆ ಬೈಟ್‌ಗಳ ಮಿತಿ ಸರ್ವರನ್ನು ಕಾಯುತ್ತದೆ ಎಂದು ನಂಬಬೇಡಿ. ಚಿಕ್ಕ ಪ್ರತಿ ತಯಾರಿಸಲು ಸರ್ವರ್ ಚಿತ್ರವನ್ನು ತೆರೆದ ಕ್ಷಣದಿಂದ ಸಂಕುಚನದ ಉಳಿತಾಯವೆಲ್ಲ ಕರಗಿಹೋಗುತ್ತದೆ. ಪಿಎಚ್‌ಪಿಯಲ್ಲಿ ಚಿತ್ರಗಳನ್ನು ನಿರ್ವಹಿಸುವ ಜಿಡಿ ಗ್ರಂಥಾಲಯ ಪೂರ್ಣ ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ನೆನಪು (ಮೆಮೊರಿ) ತೆಗೆದುಕೊಳ್ಳುತ್ತದೆ. ನಿಮ್ಮ ಹೂವಿನ ಚಿತ್ರಕ್ಕೂ ಜರೀಗಿಡದ ಚಿತ್ರಕ್ಕೂ ಅಲ್ಲಿ ತಗಲುವುದು ಸರಿಸಮ, ಸುಮಾರು 49 ಎಂಬಿ. ಈಗಿನ ಕೆಲವು ಫೋನುಗಳು ಕೊಡುವ 8000×6000 ಪಿಕ್ಸೆಲ್‌ಗಳ ಚಿತ್ರಕ್ಕೆ 192 ಎಂಬಿ ಬೇಕು. ಪಿಎಚ್‌ಪಿಯ ರೂಢಿಯ ನೆನಪಿನ ಮಿತಿ 128 ಎಂಬಿ ಆಗಿರುವುದರಿಂದ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ದುರುದ್ದೇಶದಿಂದ ತಯಾರಿಸಿದ ಫೈಲುಗಳು ಇನ್ನೂ ಅಪಾಯಕಾರಿ. 20000×20000 ಅಳತೆಯ, ಪೂರ್ತಿ ಒಂದೇ ಬಣ್ಣದ, ಪಿಕ್ಸೆಲ್‌ಗೆ ಒಂದೇ ಬಿಟ್ ಇರುವ ಪಿಎನ್‌ಜಿ ಫೈಲು 100 ಕೆಬಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ ತೆರೆದಾಗ ಅದೇ ಫೈಲು 1.6 ಜಿಬಿ ನೆನಪು ಕೇಳುತ್ತದೆ. ಆದ್ದರಿಂದ ಚಿತ್ರವನ್ನು ಪೂರ್ತಿ ತೆರೆಯುವ ಮೊದಲೇ ಅದರ ತಲೆಬರಹದಿಂದ ಅಗಲ ಮತ್ತು ಎತ್ತರವನ್ನು ಓದಿ, ಒಟ್ಟು ಪಿಕ್ಸೆಲ್‌ಗಳಿಗೂ ಒಂದು ಮಿತಿ ಹಾಕಿ. ನನ್ನ ದೃಷ್ಟಿಯಲ್ಲಿ ಬೈಟ್‌ಗಳ ಮಿತಿಗಿಂತ ಇದು ಮುಖ್ಯ.

ಫೈಲಿನ ಹೆಸರಿನ ಕೊನೆಯಲ್ಲಿರುವ ವಿಸ್ತರಣೆಯನ್ನು ನಂಬುವುದೂ ಬೇಡ. ಹೆಸರು ಬದಲಾಯಿಸಿದ ಮಾತ್ರಕ್ಕೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಪಿಎನ್‌ಜಿ ಫೈಲಿನ ಎರಡರಿಂದ ನಾಲ್ಕನೆಯ ಬೈಟ್‌ಗಳಲ್ಲಿ ಅದರ ಹೆಸರಿನ ಮೂರು ಅಕ್ಷರಗಳೇ ಇರುತ್ತವೆ, ಜೆಪೆಗ್‌ಗೂ ವೆಬ್‌ಪಿ ಎಂಬ ಹೊಸ ಫಾರ್ಮ್ಯಾಟ್‌ಗೂ ಇಂಥದೇ ಗುರುತುಗಳಿವೆ. ಅವನ್ನು ನೋಡಿಯೇ ತೀರ್ಮಾನಿಸಬೇಕು.

ಪರ್ಣಿಕಾ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಖಾಲಿ ಫಾರ್ಮ್‌ನ ಕಾರಣ ನೀವು ಹೇಳಿದಂತೆಯೇ ಇದೆ. ಒಟ್ಟು ಗಾತ್ರದ ಮಿತಿ 8 ಎಂಬಿ ಎಂದು ಈಗ ಪರಿಶೀಲಿಸಿ ನೋಡಿದೆ.

ಹಾಗಾದರೆ ಕಳುಹಿಸುವ ಮೊದಲು ಬ್ರೌಸರ್‌ನಲ್ಲಿಯೇ ಚಿತ್ರವನ್ನು ಚಿಕ್ಕದು ಮಾಡುವುದು ಒಳ್ಳೆಯದೇ? ನಿಧಾನಗತಿಯ ಸಂಪರ್ಕವಿರುವ ಸದಸ್ಯರಿಗೆ 6 ಎಂಬಿ ಕಳುಹಿಸುವುದು ನಿಜಕ್ಕೂ ಕಷ್ಟದ ಕೆಲಸ. ವೆಬ್‌ಪಿಯನ್ನು ಮತ್ತು ಎವಿಫ್ ಎಂಬ ಇನ್ನೊಂದು ಹೊಸ ಫಾರ್ಮ್ಯಾಟನ್ನು ಬಳಸಿದರೆ ಗಾತ್ರ ಇನ್ನೂ ಇಳಿಯುತ್ತದೆ ಎಂದು ಕೇಳಿದ್ದೇನೆ. ಇದರ ಜೊತೆಗೆ ಐಫೋನ್ ಬಳಸುವ ಒಬ್ಬರ ಪ್ರಶ್ನೆಯೊಂದಿದೆ: ಅವರ ಫೋನು ಚಿತ್ರದ ಗಾತ್ರ 1.7 ಎಂಬಿ ಎಂದು ತೋರಿಸುತ್ತದೆ, ನಮ್ಮ ತಾಣ ಮಾತ್ರ ಅದೇ ಚಿತ್ರ 2 ಎಂಬಿ ಮೀರಿದೆ ಎನ್ನುತ್ತದೆ. ಇದು ಹೇಗೆ ಸಾಧ್ಯ?

ಛಾಯಾಸಕ್ತ

ಐಫೋನ್‌ನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2017ರಲ್ಲಿ ಬಂದ ಐಒಎಸ್ 11ರಿಂದ ಆ ಫೋನುಗಳು ಚಿತ್ರಗಳನ್ನು ಎಚ್‌ಇಐಸಿ ಫಾರ್ಮ್ಯಾಟ್‌ನಲ್ಲಿ ಉಳಿಸುತ್ತವೆ. ಅದರಲ್ಲಿ ಗಾತ್ರ ಜೆಪೆಗ್‌ನ ಅರ್ಧದಷ್ಟಿರುವುದು ಸಾಮಾನ್ಯ. ಜಾಲತಾಣಕ್ಕೆ ಚಿತ್ರ ಆರಿಸಿದಾಗ ಫೋನು ಅನೇಕ ವೇಳೆ ಅದನ್ನು ತಾನಾಗಿಯೇ ಜೆಪೆಗ್ ಮಾಡಿ ಕೊಡುತ್ತದೆ. ಸದಸ್ಯರು ಕಾಣುವ 1.7 ಎಂಬಿ ಮೂಲ ಫೈಲಿನದು, ನಿಮ್ಮ ತಾಣ ಅಳೆಯುವುದು ಪರಿವರ್ತಿತ ಫೈಲನ್ನು. ಇಬ್ಬರೂ ಹೇಳುವುದು ನಿಜವೇ.

ಬ್ರೌಸರ್‌ನಲ್ಲಿ ಚಿಕ್ಕದು ಮಾಡುವುದು ಒಳ್ಳೆಯ ಮಾರ್ಗ. ಉದ್ದನೆಯ ಬದಿಯನ್ನು 2560 ಪಿಕ್ಸೆಲ್‌ಗೆ ಇಳಿಸಿದರೆ ನಿಮ್ಮ 4032×3024 ಚಿತ್ರ 2560×1920 ಆಗಿ, ಪಿಕ್ಸೆಲ್‌ಗಳ ಸಂಖ್ಯೆ ಶೇಕಡಾ 40ಕ್ಕೆ ಇಳಿಯುತ್ತದೆ. ಆ ಮೇಲೆ ಗುಣಮಟ್ಟ 80ರಿಂದ 85ರ ಸುಮಾರಿನಲ್ಲಿ ಜೆಪೆಗ್ ಮಾಡಿದರೆ ಬಹುತೇಕ ಚಿತ್ರಗಳು 2 ಎಂಬಿಯೊಳಗೆ ಬರುತ್ತವೆ. ಪಿಕ್ಸೆಲ್ ಪೂರ್ತಿ ಉಳಿಸಿಕೊಂಡು ಗುಣಮಟ್ಟವನ್ನು 40ಕ್ಕೆ ಇಳಿಸುವುದಕ್ಕಿಂತ, ಅಳತೆಯನ್ನು ತುಸು ಇಳಿಸಿ ಗುಣಮಟ್ಟವನ್ನು 80ರಲ್ಲಿ ಇಡುವುದು ಎಲೆಯ ಚಿತ್ರಕ್ಕೆ ಯಾವಾಗಲೂ ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲನೆಯ ವಿಧಾನದಲ್ಲಿ ಚೌಕಗಳ ಗೆರೆಗಳು ಎದ್ದು ಕಂಡು, ಇಲ್ಲದ ನರಗಳನ್ನು ಇದೆಯೆಂದು ತೋರಿಸುವ ಅಪಾಯವಿದೆ. ಎರಡನೆಯದರಲ್ಲಿ ವಿವರ ಕಡಿಮೆಯಾಗಬಹುದು, ಸುಳ್ಳು ವಿವರ ಹುಟ್ಟಿಕೊಳ್ಳುವ ಸಂಭವ ಬಹಳ ಕಡಿಮೆ.

ಆದರೆ ಎಚ್ಚರ ವಹಿಸಬೇಕಾದ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಚಿತ್ರವನ್ನು ಚಿಕ್ಕದು ಮಾಡಲು ಬಳಸುವ ಬ್ರೌಸರ್‌ನ ಕ್ಯಾನ್ವಾಸ್ ಎಂಬ ಸೌಲಭ್ಯಕ್ಕೆ ಒಂದು ಫಾರ್ಮ್ಯಾಟ್ ಕೇಳಿದಾಗ ಆ ಬ್ರೌಸರ್‌ಗೆ ಅದನ್ನು ಬರೆಯಲು ಬಾರದಿದ್ದರೆ, ದೋಷ ತೋರಿಸದೆ ಪಿಎನ್‌ಜಿ ಮಾಡಿ ಕೊಡಬೇಕೆಂದು ಮಾನಕವೇ ಹೇಳುತ್ತದೆ. ವೆಬ್‌ಪಿಯನ್ನು ತೋರಿಸಬಲ್ಲ ಎಲ್ಲ ಬ್ರೌಸರ್‌ಗಳಿಗೂ ಅದನ್ನು ಬರೆಯಲು ಬರುವುದಿಲ್ಲ. ಚಿಕ್ಕದಾಗಲಿ ಎಂದು ವೆಬ್‌ಪಿ ಕೇಳಿದ ಪ್ರೋಗ್ರಾಂ ಕೆಲವು ಸದಸ್ಯರ ಯಂತ್ರದಲ್ಲಿ ಮೂಲಕ್ಕಿಂತ ದೊಡ್ಡ ಪಿಎನ್‌ಜಿ ತಯಾರಿಸಿ ಕಳುಹಿಸುವುದು ಹೀಗೆ. ಬಂದ ಫಲಿತಾಂಶದ ಪ್ರಕಾರವನ್ನು ನೋಡಿ, ಅದು ಕೇಳಿದ್ದಲ್ಲದಿದ್ದರೆ ಜೆಪೆಗ್ ಕೇಳಬೇಕು. ಕೊನೆಗೂ ಮೂಲಕ್ಕಿಂತ ದೊಡ್ಡದಾಗಿದ್ದರೆ ಮೂಲವನ್ನೇ ಕಳುಹಿಸಬೇಕು.

ಕ್ಯಾನ್ವಾಸ್ ಮೂಲಕ ಹೋದ ಚಿತ್ರದಲ್ಲಿ ಎಕ್ಸಿಫ್ ಮಾಹಿತಿ, ಅಂದರೆ ಕ್ಯಾಮೆರಾ ಚಿತ್ರದ ಜೊತೆ ದಾಖಲಿಸುವ ದಿನಾಂಕ, ಸ್ಥಳದಂಥ ವಿವರ, ಉಳಿಯುವುದಿಲ್ಲ. ಗಾತ್ರದ ದೃಷ್ಟಿಯಿಂದ ಇದರಿಂದ ಸಿಗುವ ಲಾಭ ದೊಡ್ಡದಲ್ಲ. ಜೆಪೆಗ್‌ನಲ್ಲಿ ಎಕ್ಸಿಫ್ ಭಾಗ 64 ಕೆಬಿ ಮೀರುವಂತೆಯೇ ಇಲ್ಲ. ಚಿತ್ರದ ಜೊತೆ ಕೆಲವು ಕ್ಷಣಗಳ ವಿಡಿಯೊವನ್ನೂ ಅದೇ ಫೈಲಿನ ಕೊನೆಗೆ ಅಂಟಿಸಿಡುವ ಫೋನುಗಳ ವಿಷಯದಲ್ಲಿ ಮಾತ್ರ ಕೆಲವು ಎಂಬಿಗಳೇ ಉಳಿಯುತ್ತವೆ. ಲಾಭ ಗೌಪ್ಯತೆಯದು: ಅಪರೂಪದ ಸಸ್ಯವಿರುವ ಜಾಗದ ಅಕ್ಷಾಂಶ ರೇಖಾಂಶಗಳು ಎಲ್ಲರಿಗೂ ಸಿಗುವುದು ಆ ಸಸ್ಯಕ್ಕೇ ಅಪಾಯ. ಚಿತ್ರ ತೆಗೆದ ದಿನಾಂಕ ನಿಮಗೆ ಬೇಕಿದ್ದರೆ ಅದನ್ನು ಮೊದಲೇ ಓದಿಟ್ಟುಕೊಂಡು ಬೇರೆಯಾಗಿ ಕಳುಹಿಸಿ. ಯಾವ ಕಡೆ ಮೇಲೆ ಎಂಬ ಸೂಚನೆಯೂ ಎಕ್ಸಿಫ್‌ನಲ್ಲೇ ಇರುವುದರಿಂದ, ಹಳೆಯ ಬ್ರೌಸರ್‌ಗಳಲ್ಲಿ ಚಿತ್ರ ಅಡ್ಡಲಾಗಿ ಮಲಗಿಬಿಡಬಹುದು, ಅದನ್ನೂ ಪರೀಕ್ಷಿಸಿಕೊಳ್ಳಿ.

ವೆಬ್‌ಪಿಯನ್ನು ಗೂಗಲ್ 2010ರಲ್ಲಿ ಪ್ರಕಟಿಸಿತು. ಸಮಾನ ಗುಣಮಟ್ಟದಲ್ಲಿ ಜೆಪೆಗ್‌ಗಿಂತ ಶೇಕಡಾ 25ರಿಂದ 34ರಷ್ಟು ಚಿಕ್ಕದು ಎಂಬುದು ಅದನ್ನು ರೂಪಿಸಿದವರೇ ಕೊಡುವ ಅಂಕಿ. ನಿಮ್ಮ ತಾಣದಿಂದ ಚಿತ್ರಗಳನ್ನು ತೋರಿಸುವಾಗ ಅದನ್ನೂ, ಎವಿಫ್ ಅನ್ನೂ ಧಾರಾಳವಾಗಿ ಬಳಸಿ. ಆದರೆ ನಷ್ಟಸಹಿತ ವೆಬ್‌ಪಿಯಲ್ಲಿ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದೇ. ಅದನ್ನು ಬದಲಾಯಿಸುವ ಆಯ್ಕೆಯಿಲ್ಲ. ಕಡುಗೆಂಪು ದಳಗಳ ಮೇಲಿನ ಸಣ್ಣ ಗೆರೆಗಳಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ, ಬಣ್ಣದ ವ್ಯತ್ಯಾಸವೇ ಹೆಚ್ಚು. ಅಲ್ಲಿ ಗೆರೆಗಳು ಕಲಸಿಹೋಗುವುದನ್ನು ಹಿಗ್ಗಿಸಿ ನೋಡಿದರೆ ಕಾಣಬಹುದು. ಅಂಥ ಹೂವುಗಳಿಗೆ, ಬಣ್ಣವನ್ನು ಪೂರ್ತಿ ಉಳಿಸುವ ಆಯ್ಕೆಯೊಂದಿಗೆ ಮಾಡಿದ ಜೆಪೆಗ್ ಅಥವಾ ಎವಿಫ್ ಮೇಲು.

ಎಲೆಯ ರೋಮಗಳ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದು. ಇಡೀ ಗಿಡದ ಚಿತ್ರವನ್ನು ಇಳಿಸಿ ಕಳುಹಿಸಲಿ. ಅದರ ಜೊತೆಗೆ, ಮೂಲ ಚಿತ್ರದಿಂದ ಎಲೆಯ ಭಾಗವನ್ನಷ್ಟೇ 1600×1600ರಷ್ಟು ಕತ್ತರಿಸಿ, ಅಳತೆ ಇಳಿಸದೆ ಗುಣಮಟ್ಟ 90ರಲ್ಲಿ ಎರಡನೆಯ ಚಿತ್ರವಾಗಿ ಸೇರಿಸಲು ಫಾರ್ಮ್‌ನಲ್ಲಿ ಅವಕಾಶ ಕೊಡಿ. ಅದು ಕೇವಲ 25 ಲಕ್ಷ ಚಿಲ್ಲರೆ ಪಿಕ್ಸೆಲ್‌ಗಳಾದ್ದರಿಂದ 2 ಎಂಬಿಯೊಳಗೆ ಸುಲಭವಾಗಿ ಕೂರುತ್ತದೆ, ಗುರುತಿಸುವವರಿಗೆ ಬೇಕಾದ ಪ್ರತಿ ಪಿಕ್ಸೆಲ್ ಕೂಡ ಸಿಗುತ್ತದೆ.

ರೇಖಾವಲಿ

ಎಲ್ಲರೂ ಕ್ಯಾಮೆರಾದ ಚಿತ್ರಗಳ ಬಗ್ಗೆಯೇ ಹೇಳಿದ್ದೀರಿ. ಕೈಯಿಂದ ಬರೆದ ಸಸ್ಯಚಿತ್ರಗಳನ್ನು ಸ್ಕ್ಯಾನ್ ಮಾಡಿ ಸೇರಿಸುವ ನನ್ನಂಥವರ ಪರವಾಗಿ ಒಂದು ಕೋರಿಕೆ: ದಯವಿಟ್ಟು ಜೆಪೆಗ್ ಮಾತ್ರ ಎಂಬ ನಿಯಮ ಮಾಡಬೇಡಿ.

ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯ ಸಣ್ಣ ಗೆರೆ ಎಳೆದಾಗ, ಬಿಳಿಯಿಂದ ಕಪ್ಪಿಗೆ ಬದಲಾವಣೆ ಒಂದೇ ಪಿಕ್ಸೆಲ್‌ನಲ್ಲಿ ನಡೆದುಬಿಡುತ್ತದೆ. ಜೆಪೆಗ್‌ನ ಅಲೆಗಳಿಗೆ ಇಂಥ ಥಟ್ಟನೆಯ ಬದಲಾವಣೆಯನ್ನು ಹಿಡಿಯುವುದು ಕಷ್ಟ. ಗೆರೆಯ ಸುತ್ತ ಬೂದು ಬಣ್ಣದ ಕಲೆಗಳು ಹಬ್ಬುತ್ತವೆ, ಚುಕ್ಕೆಗಳಿಂದ ತೋರಿಸಿದ ನೆರಳು ಕೆಸರಿನಂತಾಗುತ್ತದೆ. ಎ4 ಹಾಳೆಯೊಂದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480×3508 ಪಿಕ್ಸೆಲ್‌ಗಳಾಗುತ್ತವೆ. ಬಣ್ಣದ ಸ್ಕ್ಯಾನ್ ಎಂದರೆ ಸಂಕುಚನಕ್ಕೆ ಮೊದಲು 26 ಎಂಬಿ, ಬೂದು ಛಾಯೆಯಲ್ಲಿ 8.7 ಎಂಬಿ; ಪಿಕ್ಸೆಲ್‌ಗೆ ಒಂದೇ ಬಿಟ್‌ನಂತೆ ಅಪ್ಪಟ ಕಪ್ಪು ಬಿಳುಪಿನಲ್ಲಿ ಮಾಡಿದರೆ ಸಂಕುಚನಕ್ಕೆ ಮೊದಲೇ ಸುಮಾರು 1.1 ಎಂಬಿ, ಪಿಎನ್‌ಜಿ ಆದ ಮೇಲೆ ಅದಕ್ಕಿಂತ ಬಹಳ ಕಡಿಮೆ. ಸ್ಕ್ಯಾನರ್‌ನ ಡಿಪಿಐ ಇಲ್ಲಿ ನಿಜವಾಗಿಯೂ ಪಿಕ್ಸೆಲ್‌ಗಳ ಸಂಖ್ಯೆಯನ್ನು ಬದಲಾಯಿಸುತ್ತದೆ ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕು, ಏಕೆಂದರೆ ಬಿಂಬಗ್ರಾಹಿಯವರು ಹೇಳಿದ್ದು ಈಗಾಗಲೇ ಇರುವ ಚಿತ್ರಕ್ಕೆ ಅನ್ವಯಿಸುತ್ತದೆ, ಹೊಸದಾಗಿ ಸ್ಕ್ಯಾನ್ ಮಾಡುವಾಗ ಅಲ್ಲ. ಬಣ್ಣದ ಪೆನ್ಸಿಲ್ ಚಿತ್ರಗಳಲ್ಲಿ ಬಣ್ಣಗಳು ಮಿತವಾಗಿದ್ದರೆ 256 ಬಣ್ಣಗಳ ಪಟ್ಟಿಗೆ ಇಳಿಸಿದ ಪಿಎನ್‌ಜಿ ಸಾಕಾಗುತ್ತದೆ. ಪಿಎನ್‌ಜಿಕ್ವಾಂಟ್ ಎಂಬ ಉಪಕರಣ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಬಣ್ಣ ಇಳಿಸುವುದೂ ಒಂದು ನಷ್ಟವೇ, ಆದರೆ ಗೆರೆಗಳ ಅಂಚು ಹಾಗೆಯೇ ಉಳಿಯುತ್ತದೆ.

ಇನ್ನೊಂದು ಮಾತು. ಈಗ ಬರುವ ಸಂದೇಶ ಫೈಲು ದೊಡ್ಡದಾಗಿದೆ ಎಂದಷ್ಟೇ ಹೇಳುತ್ತದೆ. ಎಷ್ಟಿದೆ, ಎಷ್ಟಿರಬೇಕು, ಯಾವ ಫಾರ್ಮ್ಯಾಟ್‌ನಲ್ಲಿದೆ ಎಂಬುದನ್ನು ತಿಳಿಸಿ, ಅದು ದೊಡ್ಡ ಪಿಎನ್‌ಜಿ ಆಗಿದ್ದರೆ ಕ್ಯಾಮೆರಾದ ಚಿತ್ರವೇ ಎಂದು ಕೇಳಿ ಜೆಪೆಗ್ ಸೂಚಿಸಿದರೆ, ಸದಸ್ಯರು ಡಿಪಿಐ ಬದಲಾಯಿಸುತ್ತ ಕೂರಬೇಕಾಗುವುದಿಲ್ಲ.

ಪರ್ಣಿಕಾ

ರೇಖಾವಲಿಯವರೇ, ನಿಮ್ಮ ಕೋರಿಕೆಯನ್ನು ಒಪ್ಪಿದ್ದೇನೆ. ಜೆಪೆಗ್, ಪಿಎನ್‌ಜಿ, ವೆಬ್‌ಪಿ ಮೂರನ್ನೂ ಸ್ವೀಕರಿಸುತ್ತೇವೆ. ಚಿತ್ರಗಳು ಒಂದೊಂದಾಗಿ ಹೋಗುವಂತೆ ಮಾಡಿ, ಒಂದು ಚಿತ್ರಕ್ಕೆ 10 ಎಂಬಿ ಮತ್ತು 5 ಕೋಟಿ ಪಿಕ್ಸೆಲ್ ಎಂಬ ಎರಡು ಮಿತಿಗಳನ್ನು ಇಡಲಿದ್ದೇನೆ. ಚಿಕ್ಕ ಪ್ರತಿ ತಯಾರಿಸುವ ಪ್ರೋಗ್ರಾಂಗೆ ನೆನಪಿನ ಮಿತಿಯನ್ನೂ 512 ಎಂಬಿಗೆ ಏರಿಸುತ್ತೇನೆ. ಉಳಿದಿರುವುದು ಒಂದೇ ಪ್ರಶ್ನೆ: ಈಗಾಗಲೇ ಸೇರಿರುವ ಹಳೆಯ ಜೆಪೆಗ್ ಚಿತ್ರಗಳನ್ನೂ ಹೊಸ ವಿಧಾನದಿಂದ ಮತ್ತೆ ಒತ್ತಿ ಡಿಸ್ಕ್‌ನಲ್ಲಿ ಜಾಗ ಉಳಿಸಬಹುದೇ?

ಜಾಲರಕ್ಷಕ

ಹಳೆಯವನ್ನು ಗುಣಮಟ್ಟ ಇಳಿಸಿ ಮತ್ತೆ ಬರೆಯಬೇಡಿ. ಜೆಪೆಗ್ ಅನ್ನು ತೆರೆದು ಮತ್ತೆ ಜೆಪೆಗ್ ಮಾಡಿದಾಗ ಭಾಗಾಕಾರ ಮತ್ತೊಮ್ಮೆ ನಡೆದು, ಮೊದಲ ಸುತ್ತಿನ ಕಲೆಗಳ ಮೇಲೆ ಎರಡನೆಯ ಸುತ್ತಿನ ಕಲೆಗಳು ಕೂರುತ್ತವೆ. 2 ಎಂಬಿಗೆ ಹೊಂದಿಸಲು ಸದಸ್ಯರು ಆಗಲೇ ಒಮ್ಮೆ ಒತ್ತಿರುವ ಚಿತ್ರಗಳವು. ಗುರುತಿಸುವಿಕೆಗೆ ಆಧಾರವಾದ ಮೂಲ ಹಾಳಾದರೆ ಉಳಿದ ಜಾಗಕ್ಕೆ ಬೆಲೆಯಿಲ್ಲ.

ನಷ್ಟವಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಜೆಪೆಗ್‌ಟ್ರಾನ್ ಎಂಬ ಉಪಕರಣ ಭಾಗಾಕಾರದ ನಂತರದ ಸಂಖ್ಯೆಗಳನ್ನು ಮುಟ್ಟದೆ, ಅವನ್ನು ಬಿಟ್‌ಗಳಾಗಿ ಬರೆಯುವ ಕೊನೆಯ ಹಂತವನ್ನಷ್ಟೇ ಉತ್ತಮಗೊಳಿಸುತ್ತದೆ. ಉಳಿತಾಯ ಅಲ್ಪ, ಆದರೆ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಅಡ್ಡಲಾಗಿ ಮಲಗಿರುವ ಹಳೆಯ ಚಿತ್ರಗಳನ್ನೂ ಅದರಿಂದಲೇ ನಷ್ಟವಿಲ್ಲದೆ ತಿರುಗಿಸಬಹುದು. ಬಣ್ಣವನ್ನು ನಾಲ್ಕಕ್ಕೊಂದರಂತೆ ಇಳಿಸಿರುವ ಚಿತ್ರಗಳಲ್ಲಿ ಅಗಲ ಮತ್ತು ಎತ್ತರ ಎರಡೂ 16ರಿಂದ ಭಾಗವಾಗುವಂತಿರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಒಂದು ಪಟ್ಟಿ ಸರಿಯಾಗಿ ತಿರುಗುವುದಿಲ್ಲ. ನಿಮ್ಮ 4032 ಮತ್ತು 3024 ಎರಡೂ 16ರಿಂದ ಭಾಗವಾಗುತ್ತವೆ. ತಿರುಗಿಸಿದ ಮೇಲೆ ಎಕ್ಸಿಫ್‌ನಲ್ಲಿರುವ ದಿಕ್ಕಿನ ಸೂಚನೆಯನ್ನು ಮರೆಯದೆ 1 ಎಂದು ತಿದ್ದಿ, ಇಲ್ಲವಾದರೆ ಬ್ರೌಸರ್ ಅದನ್ನು ಇನ್ನೊಮ್ಮೆ ತಿರುಗಿಸುತ್ತದೆ.